ಲೇಯರ್ ಕೋಳಿಗೆ 16 ಗಂಟೆ ಬೆಳಕು: ಮೊಟ್ಟೆ ಹೆಚ್ಚುತ್ತದೋ, ಒತ್ತಡ ಹೆಚ್ಚುತ್ತದೋ?

ಕಲ್ಪತರು_ಲೇಯರ್ ಕೇಳಿದ್ದು:

ತುಮಕೂರು ಕಡೆ. ಎರಡೂ ಬದಿ ಜಾಲರಿ ಇರುವ ತೆರೆದ ಶೆಡ್ಡು, 20 ಅಡಿ ಅಗಲ, 80 ಅಡಿ ಉದ್ದ, ಡೀಪ್ ಲಿಟ್ಟರ್ (ನೆಲಕ್ಕೆ ದಪ್ಪನೆ ಹೊಟ್ಟು ಹಾಸಿದ್ದು). ಕಂದು ಮೊಟ್ಟೆಯ ಲೇಯರ್, ಅಂದರೆ ಮೊಟ್ಟೆ ಕೋಳಿ, 800. ಫೆಬ್ರವರಿ ಮಧ್ಯದ ಮರಿಗಳು, ಈಗ ಜೂನ್, 16 ವಾರ ತುಂಬಿದೆ. ಇದುವರೆಗೆ ರಾತ್ರಿ ಲೈಟು ಹಾಕಿಲ್ಲ. 50 ಕೋಳಿ ತೂಗಿದಾಗ ಸರಾಸರಿ 1,190 ಗ್ರಾಂ ಬಂತು. ಆದರೂ ನೂರಕ್ಕೆ ಹತ್ತರಷ್ಟು ಹಕ್ಕಿಗಳ ಜುಟ್ಟು ಆಗಲೇ ಕೆಂಪೇರಿದೆ.

ಕೇಳಬೇಕಾದ್ದು ಮೂರು. ಲೈಟು ಈಗಲೇ ಶುರು ಮಾಡಲೇ? ಇಡೀ ರಾತ್ರಿ ಲೈಟು ಬಿಟ್ಟರೆ ಮೊಟ್ಟೆ ಜಾಸ್ತಿ ಅಂತ ಒಬ್ಬರು, ಲೈಟು ಹಾಕಿದರೆ ಒತ್ತಡದ ಹಾರ್ಮೋನು ಏರಿ ರೋಗ ಬರುತ್ತೆ ಅಂತ ಇನ್ನೊಬ್ಬರು. ಯಾವುದು ಸರಿ? ನಮ್ಮಲ್ಲಿ ಸಂಜೆ ಕರೆಂಟಿಗೆ ಹೊತ್ತು ಗೊತ್ತು ಇಲ್ಲ, ಅದರಿಂದ ಏನಾಗುತ್ತೆ?

ಹಕ್ಕಿವೈದ್ಯ:

ಈಗ ಬೇಡ. ಮೊದಲು ತೂಕ, ಆಮೇಲೆ ಬೆಳಕು.

ಕಂದು ಮೊಟ್ಟೆಯ ಹೆಚ್ಚಿನ ತಳಿಗಳು 16 ವಾರಕ್ಕೆ 1,300 ಗ್ರಾಂ ಆಸುಪಾಸು ಇರಬೇಕು. ಮರಿ ಕೊಟ್ಟವರ ಕೈಪಿಡಿಯಲ್ಲಿ ನಿಮ್ಮ ತಳಿಯ ಅಂಕಿ ಇರುತ್ತದೆ, ಅದನ್ನೇ ಹಿಡಿಯಿರಿ. 100 ಗ್ರಾಂ ಹಿಂದಿರುವ ಹ್ಯಾಟೆಗೆ (ಇನ್ನೂ ಮೊಟ್ಟೆಗೆ ಬಾರದ ಎಳೆ ಕೋಳಿಗೆ) ಬೆಳಕು ಏರಿಸಿದರೆ ಅಂಡಾಶಯ ಎಚ್ಚರವಾಗುತ್ತದೆ, ಮೈ ಮಾತ್ರ ಸಿದ್ಧವಾಗಿರುವುದಿಲ್ಲ. ಮೊಟ್ಟೆ ಸಣ್ಣದಾಗಿ ಬರುತ್ತದೆ ಮತ್ತು ಬಹುಕಾಲ ಸಣ್ಣದಾಗಿಯೇ ಉಳಿಯುತ್ತದೆ. ಕೆಲವಕ್ಕೆ ಮೊಟ್ಟೆ ಇಡುವಾಗ ಗುದದ ಒಳಪದರ ಹೊರಬರುತ್ತದೆ. ಆ ಕೆಂಪು ಕಂಡ ಕೂಡಲೇ ಉಳಿದವು ಕುಕ್ಕಲು ಶುರು. ಗರಿಷ್ಠ ಉತ್ಪಾದನೆ ಬಂದರೂ ಅಲ್ಲಿ ನಿಲ್ಲದೆ ಜಾರುತ್ತದೆ.

ಲೈಟು ಹಾಕದೆಯೂ ಜುಟ್ಟು ಕೆಂಪಾದದ್ದಕ್ಕೆ ಕಾರಣ ಆಕಾಶದಲ್ಲಿದೆ. ಫೆಬ್ರವರಿ ಮಧ್ಯದಲ್ಲಿ ನಿಮ್ಮ ಕಡೆ ಹಗಲು ಸುಮಾರು 11 ಗಂಟೆ 45 ನಿಮಿಷ. ಈಗ 12 ಗಂಟೆ 53 ನಿಮಿಷ. ನಸುಕು ಮತ್ತು ಮುಸ್ಸಂಜೆ ಸೇರಿಸಿದರೆ ಹದಿಮೂರೂವರೆ ದಾಟುತ್ತದೆ. ಬೆಳೆಯುವ ವಯಸ್ಸಿನ ಉದ್ದಕ್ಕೂ ನಿಮ್ಮ ಮರಿಗಳು ನೋಡಿದ್ದು ಹಿಗ್ಗುತ್ತಿರುವ ಹಗಲನ್ನೇ. ಆಗಸ್ಟ್ ಮರಿಗಳಾಗಿದ್ದರೆ ಕುಗ್ಗುವ ಹಗಲಲ್ಲಿ ಬೆಳೆದು ತಡವಾಗಿ ಮೊಟ್ಟೆಗೆ ಬರುತ್ತಿದ್ದವು. ಮುಂದಿನ ಸಲ ಜನವರಿ–ಫೆಬ್ರವರಿ ಬ್ಯಾಚು ತಂದರೆ, ಎಳೆ ಮರಿಗಳಿಗೆ ಕಾವು ಕೊಡುವಾಗ ಹಾಕುವ (ಬ್ರೂಡಿಂಗ್) ಬೆಳಕನ್ನು ಇಳಿಸುತ್ತಾ ಬಂದು 13 ಗಂಟೆಯಲ್ಲಿ ನಿಲ್ಲಿಸಿ, ಅಲ್ಲಿಂದ ಕದಲಬೇಡಿ. ಆಗ ಹಗಲು ಹಿಗ್ಗಿದ್ದು ಅವಕ್ಕೆ ಅಷ್ಟಾಗಿ ಗೊತ್ತಾಗುವುದಿಲ್ಲ.

ಈಗ ಮಾಡಬೇಕಾದ್ದು: ವಾರಕ್ಕೊಮ್ಮೆ ಅದೇ ದಿನ, ಅದೇ ಹೊತ್ತಿಗೆ, ಮೇವು ಹಾಕುವ ಮೊದಲು ತೂಗಿ. 50 ಸಾಲದು, 80 ಹಕ್ಕಿ ತೂಗಿ, ಶೆಡ್ಡಿನ ಮೂರು ಜಾಗದಲ್ಲಿ ಹಲಗೆ ಅಡ್ಡ ಇಟ್ಟು ಒಳಗೆ ಸಿಕ್ಕ ಅಷ್ಟನ್ನೂ ತೂಗಬೇಕು. ಕೈಗೆ ಸುಲಭವಾಗಿ ಸಿಗುವುದು ಮೆತ್ತಗಿರುವ ಹಕ್ಕಿಯೇ, ಆರಿಸಿ ಹಿಡಿದರೆ ಲೆಕ್ಕ ಕೆಡುತ್ತದೆ. ಸರಾಸರಿಯ 10% ಆಚೀಚೆ ಒಳಗೆ ನೂರಕ್ಕೆ 80 ಹಕ್ಕಿ ಇರಬೇಕು. ಸರಾಸರಿ 1,400 ಗ್ರಾಂ ಮುಟ್ಟಿ, ಈ ಸಮತೋಲವೂ ಬಂದ ಮೇಲೆ ಶುರು ಮಾಡಿ:

ಮೊದಲ ವಾರ ಬೆಳಗ್ಗೆ 5ರಿಂದ ಸಂಜೆ 7. ಎರಡನೇ ವಾರ 4:30ರಿಂದ 7. ಮೂರನೇ ವಾರ 4:30ರಿಂದ 7:30. ನಾಲ್ಕನೇ ವಾರ 4:30ರಿಂದ 8. ಐದನೇ ವಾರ 4ರಿಂದ 8, ಅಂದರೆ 16 ಗಂಟೆ. ಅಲ್ಲಿಗೆ ಸಾಕು, ಅದರ ಮೇಲೆ ಏರಿಸಿದರೆ ವಿದ್ಯುತ್ ಬಿಲ್ಲು ಮಾತ್ರ ಏರುತ್ತದೆ. ಬ್ಯಾಚು ಮಾರುವವರೆಗೂ ಇದನ್ನು ಇಳಿಸುವ ಹಾಗಿಲ್ಲ. ಮೊಟ್ಟೆಯ ಮೇವಿಗೆ, ಅಂದರೆ ಹೆಚ್ಚು ಸುಣ್ಣದಂಶ ಇರುವುದಕ್ಕೆ, ಮೊದಲ ಮೊಟ್ಟೆ ಕಾಣುವ ಹೊತ್ತಿಗೆ ಬದಲಾಗಿರಬೇಕು.

ನೆತ್ತಿಗಣ್ಣು:

ವೈದ್ಯರು ಹೇಳಿದ ವೇಳಾಪಟ್ಟಿ ಸರಿ. ಅದು ಯಾಕೆ ಹಾಗೆ ಅನ್ನುವುದು ಗೊತ್ತಿದ್ದರೆ ಕರೆಂಟು ಹೋದಾಗ ಏನು ಮಾಡಬೇಕು ಅಂತ ನಿಮಗೇ ಹೊಳೆಯುತ್ತದೆ.

ಹಕ್ಕಿ ದಿನದ ಉದ್ದ ಅಳೆಯುವುದು ಕಣ್ಣಿನಿಂದಲ್ಲ. 1930ರ ದಶಕದಲ್ಲಿ ಫ್ರಾನ್ಸಿನ ವಿಜ್ಞಾನಿ ಬೆನ್ವಾ ಕಣ್ಣಿಲ್ಲದ ಬಾತುಗಳಿಗೂ ದೀರ್ಘ ಬೆಳಕು ಕೊಟ್ಟರೆ ವೃಷಣ ಬೆಳೆಯುತ್ತದೆ ಅಂತ ತೋರಿಸಿದರು. 1970ರಲ್ಲಿ ಅಮೆರಿಕದ ವಿಜ್ಞಾನಿ ಮೆನೇಕರ್ ಅವರ ತಂಡ ಗುಬ್ಬಿಗಳ ನೆತ್ತಿಯ ಚರ್ಮದಡಿ ಕಪ್ಪು ಶಾಯಿ ತುಂಬಿತು. ಕಣ್ಣು ಚೆನ್ನಾಗಿಯೇ ಇದ್ದರೂ ಮಂದ ಬೆಳಕಿಗೆ ವೃಷಣ ಬೆಳೆಯಲಿಲ್ಲ. ಗರಿ, ಚರ್ಮ, ತಲೆಬುರುಡೆ ಮೂರನ್ನೂ ದಾಟಿದ ಬೆಳಕು ಮೆದುಳಿನ ತಳಭಾಗವಾದ ಹೈಪೊಥಾಲಮಸ್‌ನಲ್ಲಿರುವ ಬೆಳಕು ಗ್ರಹಿಸುವ ಕೋಶಗಳಿಗೆ ಮುಟ್ಟುತ್ತದೆ. ಆದ್ದರಿಂದ ಬೆಳಕು ಅಳೆಯಬೇಕಾದದ್ದು ಕೋಳಿಯ ನೆತ್ತಿಯ ಎತ್ತರದಲ್ಲಿ, ಬಲ್ಬಿನ ಕೆಳಗೆ ನಾವು ನಿಂತ ಎತ್ತರದಲ್ಲಲ್ಲ.

ಎರಡನೆಯದು ಇನ್ನೂ ಮುಖ್ಯ. ಹಕ್ಕಿ ಬೆಳಕಿನ ಒಟ್ಟು ಗಂಟೆಗಳನ್ನು ಕೂಡಿಸುವುದಿಲ್ಲ. ಬೆಳಗಾದ ಕ್ಷಣದಿಂದ ಅದರ ಒಳಗಿನ ಗಡಿಯಾರ ಓಡತೊಡಗುತ್ತದೆ. ಸುಮಾರು 12ನೇ ಗಂಟೆಯಿಂದ 16ನೇ ಗಂಟೆಯವರೆಗೆ ಒಂದು ಕಿಟಕಿ ತೆರೆದಿರುತ್ತದೆ. ಆ ಹೊತ್ತಿನಲ್ಲಿ ನೆತ್ತಿಗೆ ಬೆಳಕು ಬಿದ್ದರೆ ‘ದೀರ್ಘ ದಿನ’ ಎಂದು ಲೆಕ್ಕ. ಜಪಾನೀಸ್ ಕ್ವೇಲ್‌ಗೆ (ಸಾಕುವ ಲಾವಕ್ಕಿಗೆ) ಬರೀ 6 ಗಂಟೆ ಬೆಳಕು ಕೊಟ್ಟು, ಆ ಕಿಟಕಿಯ ಹೊತ್ತಿನಲ್ಲಿ ಸ್ವಲ್ಪ ಹೊತ್ತು ಬೆಳಕು ಹಾಯಿಸಿದರೂ ಜನನಾಂಗ ಬೆಳೆಯುತ್ತದೆ.

ಒಳಗೆ ನಡೆಯುವುದನ್ನು ಜಪಾನಿನ ನಗೋಯಾದ ತಂಡ ಕ್ವೇಲ್‌ನಲ್ಲೇ ಬಿಡಿಸಿ ತೋರಿಸಿದೆ, 2003ರಲ್ಲಿ ಒಂದು ಕೊಂಡಿ, 2008ರಲ್ಲಿ ಇನ್ನೊಂದು. ಮೊದಲ ದೀರ್ಘ ದಿನದ 14ನೇ ಗಂಟೆ ಸುಮಾರಿಗೆ ಮೆದುಳಿನ ಬುಡದಲ್ಲಿರುವ ಪಿಟ್ಯೂಟರಿ ಗ್ರಂಥಿಯ ಕತ್ತಿನ ಭಾಗದಲ್ಲಿ ಥೈರಾಯಿಡ್ ಪ್ರಚೋದಕ ಹಾರ್ಮೋನಿನ, ಅಂದರೆ ಟಿಎಸ್‌ಎಚ್ ಜೀನ್ ಚುರುಕಾಗುತ್ತದೆ. ಇದು ಥೈರಾಯಿಡ್ ಗ್ರಂಥಿಗೆ ಹೋಗುವ ಟಿಎಸ್‌ಎಚ್ ಅಲ್ಲ, ಮೇಲಕ್ಕೆ ಹೈಪೊಥಾಲಮಸ್‌ಗೆ ಹೋಗುವುದು. 18ನೇ ಗಂಟೆ ಹೊತ್ತಿಗೆ ಅಲ್ಲಿ ಥೈರಾಯಿಡ್ ಹಾರ್ಮೋನಾದ ಟಿ4 ಅನ್ನು ಅದರ ಚುರುಕು ರೂಪ ಟಿ3 ಆಗಿ ಬದಲಿಸುವ ಕಿಣ್ವ ಹೆಚ್ಚುತ್ತದೆ. ಟಿ3 ಹೆಚ್ಚಿದಾಗ ಸಂತಾನದ ಹಾರ್ಮೋನುಗಳಿಗೆ ಚಾಲನೆ ಕೊಡುವ ಜಿಎನ್‌ಆರ್‌ಎಚ್ ಬಿಡುಗಡೆಯ ದಾರಿ ತೆರೆಯುತ್ತದೆ, ಪಿಟ್ಯೂಟರಿ ಅಂಡಾಶಯ, ವೃಷಣಗಳನ್ನು ಎಬ್ಬಿಸುವ ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ಸುರಿಸುತ್ತದೆ. ಇಷ್ಟೆಲ್ಲ ಒಂದೇ ದಿನದ ಕೆಲಸ. ಹಾಗಾಗಿ ಬೆಳೆಯುವ ಹ್ಯಾಟೆಗಳ ಶೆಡ್ಡಿಗೆ ಪಕ್ಕದ ಲೇಯರ್ ಶೆಡ್ಡಿನ ಬೆಳಕು ಸೋರುವುದು ಸಣ್ಣ ತಪ್ಪಲ್ಲ.

ಕೋಳಿ ಕ್ವೇಲ್‌ನಷ್ಟು ಕಟ್ಟುನಿಟ್ಟಲ್ಲ. 2010ರಲ್ಲಿ ಪ್ರಕಟವಾದ ಜೀನೋಮ್ ಅಧ್ಯಯನವೊಂದು ಸಾಕು ಕೋಳಿಗಳಲ್ಲೆಲ್ಲ ಟಿಎಸ್‌ಎಚ್ ಗ್ರಾಹಕದ (ಆ ಹಾರ್ಮೋನನ್ನು ಹಿಡಿಯುವ ಅಣುವಿನ) ಜೀನ್ ಸಾಕಣೆಯ ಹಾದಿಯಲ್ಲಿ ಆಯ್ಕೆಗೊಂಡಿದ್ದನ್ನು ಕಂಡಿತು. ಋತುವಿನ ಹಂಗು ಸಡಿಲವಾಗಿ ವರ್ಷವಿಡೀ ಮೊಟ್ಟೆ ಇಡುವುದರ ಹಿಂದೆ ಇದೂ ಇರಬಹುದು ಎಂಬ ಊಹೆಗೆ ಅದೇ ಆಧಾರ. ಸಡಿಲವಾಗಿದೆ ನಿಜ, ಹೋಗಿಲ್ಲ.

ವೈರ್_ಬಲ್ಬು_ಟೈಮರ್:

ಹಾರ್ಮೋನು ಅವರು ನೋಡಿಕೊಳ್ಳಲಿ, ನಾನು ಬಲ್ಬಿನ ಮಾತು ಹೇಳ್ತೀನಿ.

20×80 ಶೆಡ್ಡಿಗೆ ಎರಡು ಸಾಲು, ಸಾಲಿಗೆ 8, ಒಟ್ಟು 16 ಪಾಯಿಂಟು. ಬಲ್ಬಿಂದ ಬಲ್ಬಿಗೆ 10 ಅಡಿ, ಗೋಡೆಗೆ 5 ಅಡಿ, ನೆಲದಿಂದ 7 ಅಡಿ. ಬಲ್ಬುಗಳ ನಡುವಿನ ದೂರ ಎತ್ತರದ ಒಂದೂವರೆ ಪಟ್ಟು ಮೀರಬಾರದು, ಮೀರಿದರೆ ನಡುವೆ ಕತ್ತಲೆ ಪಟ್ಟಿ ಬೀಳುತ್ತೆ, ಕೋಳಿ ಅಲ್ಲೇ ನೆಲದ ಮೇಲೆ ಮೊಟ್ಟೆ ಇಡುತ್ತೆ. 5 ವ್ಯಾಟಿನ ವಾರ್ಮ್ ವೈಟ್ ಎಲ್‌ಇಡಿ ಸಾಕು, ಸುಮಾರು 450 ಲ್ಯೂಮೆನ್ (ಬಲ್ಬು ಚೆಲ್ಲೋ ಬೆಳಕಿನ ಅಳತೆ) ಇರೋದು ನೋಡಿ ತಗೊಳ್ಳಿ. ಕೋಳಿ ತಲೆ ಮಟ್ಟದಲ್ಲಿ 20 ಲಕ್ಸ್ (ಒಂದು ಜಾಗದ ಮೇಲೆ ಬೀಳೋ ಬೆಳಕಿನ ಅಳತೆ) ಹತ್ತಿರ ಸಿಗಬೇಕು, ಮೂಲೆಯಲ್ಲೂ 10ಕ್ಕೆ ಕಮ್ಮಿ ಆಗಬಾರದು. ಮೊಬೈಲ್ ಆ್ಯಪಿನ ಲಕ್ಸ್ ನಂಬಬೇಡಿ, ಒಂದು ಫೋನಿಂದ ಇನ್ನೊಂದಕ್ಕೆ ಹೊಂದಲ್ಲ. ಚಿಕ್ಕ ಲಕ್ಸ್ ಮೀಟರ್ ತರಿಸಿ.

ಡೀಪ್ ಲಿಟ್ಟರಿನ ದೂಳು ಬಲ್ಬಿನ ಮೇಲೆ ಕಂದು ಪದರ ಕಟ್ಟುತ್ತೆ. ಎರಡು ವಾರಕ್ಕೊಮ್ಮೆ ಒಣ ಬಟ್ಟೆಯಲ್ಲಿ ಒರೆಸಿ. ಒಂದು ಬಲ್ಬು ಸುಟ್ಟರೆ ಅವತ್ತೇ ಬದಲಿಸಿ.

ಜನ ಎಡವೋದು ಟೈಮರಿನಲ್ಲಿ. ಮುಳ್ಳು ಕಚ್ಚಿರುವ, ತಿರುಗೋ ಟೈಮರು ಕರೆಂಟು ಹೋದಾಗ ನಿಂತುಬಿಡುತ್ತೆ. ದಿನಕ್ಕೆ ಒಂದೂವರೆ ಗಂಟೆ ಕರೆಂಟು ಹೋದರೆ ನಾಲ್ಕು ದಿನಕ್ಕೆ ಟೈಮರು 6 ಗಂಟೆ ಹಿಂದೆ. ಬೆಳಗಿನ ಜಾವ 4ಕ್ಕೆ ಹತ್ತಬೇಕಾದ ಲೈಟು 10ಕ್ಕೆ ಹತ್ತುತ್ತೆ. ಹಗಲಲ್ಲಿ ಉರಿಯೋ ಲೈಟನ್ನ ಯಾರೂ ಗಮನಿಸಲ್ಲ, ಸಂಜೆಯದು ಎಲ್ಲೋ ನಡುರಾತ್ರಿ ಹೊತ್ತಿಗೆ ಹತ್ತಿರುತ್ತೆ. ಒಳಗೆ ಬ್ಯಾಟರಿ ಇರೋ ಡಿಜಿಟಲ್ ಟೈಮರು ಹಾಕಿ. ಬೆಳಗ್ಗೆ 4:00–6:45, ಸಂಜೆ 5:45–8:00 ಅಂತ ಎರಡು ಪ್ರೋಗ್ರಾಮು. ಡಿಸೆಂಬರಿನಲ್ಲಿ ಸೂರ್ಯ 6:40ಕ್ಕೆ ಹುಟ್ಟಿ 6 ಗಂಟೆ ಸುಮಾರಿಗೆ ಮುಳುಗುತ್ತೆ, ಆದ್ದರಿಂದ ಈ ಲೆಕ್ಕ ವರ್ಷವಿಡೀ ನಡೆಯುತ್ತೆ, ಮಧ್ಯೆ ಕತ್ತಲೆ ತೂತು ಬೀಳಲ್ಲ. ಮಳೆಗಾಲದಲ್ಲಿ ಪರದೆ ಇಳಿಸಿ ಶೆಡ್ಡು ಮಂಕಾದರೆ ಹಗಲಲ್ಲೂ ಉರಿಯಲಿ.

ಬ್ಯಾಟರಿ ಲೆಕ್ಕ: 16 ಬಲ್ಬು × 5 = 80 ವ್ಯಾಟು, ಇನ್ವರ್ಟರ್ ನಷ್ಟ ಸೇರಿ 95. 12 ವೋಲ್ಟ್ 100 ಎಎಚ್ ಸೀಸದ ಬ್ಯಾಟರಿಯಲ್ಲಿ ಅರ್ಧದಷ್ಟೇ ಬಳಸಬೇಕು, 600 ವ್ಯಾಟ್-ಅವರ್. ಆರು ಗಂಟೆ ಎಳೆಯುತ್ತೆ. ನಿಮಗೆ ದಿನಕ್ಕೆ ಬೇಕಾದ್ದು ಐದು.

ಕಲ್ಪತರು_ಲೇಯರ್:

ಎಲ್ಲರಿಗೂ ಧನ್ಯವಾದ. ಬ್ಯಾಟರಿ ಬರುವವರೆಗೆ ಸಂಜೆ ಏಳರಿಂದ ಏಳೂವರೆ ಕತ್ತಲಾಗಿ ಮತ್ತೆ ಎಂಟರವರೆಗೆ ಬೆಳಕು ಬಂದರೆ ತೊಂದರೆಯೇ? ಆಮೇಲೆ ಒತ್ತಡದ ಹಾರ್ಮೋನಿನ ಪ್ರಶ್ನೆ ಹಾಗೇ ಉಳಿಯಿತು. ಲ್ಯಾಬಿಗೆ ರಕ್ತ ಕಳಿಸಿದರೆ ಗೊತ್ತಾಗುತ್ತಾ? ಕೆಂಪು ಬಲ್ಬು ಹಾಕಿದರೆ ಶಾಂತವಾಗಿರ್ತವೆ ಅಂತಲೂ ಕೇಳಿದೆ.

ನೆತ್ತಿಗಣ್ಣು:

ಅರ್ಧ ಗಂಟೆಯ ಕತ್ತಲೆಗೆ ಮೊಟ್ಟೆ ನಿಲ್ಲುವುದಿಲ್ಲ. ಬೆಳಗು 4 ಗಂಟೆಗೇ ಆಗಿದ್ದರೆ 12ರಿಂದ 16ನೇ ಗಂಟೆಯ ಕಿಟಕಿ ಸಂಜೆ 4ರಿಂದ 8. ಅದರ ಹೆಚ್ಚಿನ ಭಾಗಕ್ಕೆ ಬಿಸಿಲೇ ಇದೆ. ರಾತ್ರಿಯಲ್ಲಿರುವ ಕತ್ತಲೆ ತುಂಡುಗಳಲ್ಲಿ ಅತಿ ಉದ್ದನೆಯದನ್ನೇ ಕೋಳಿ ‘ರಾತ್ರಿ’ ಎಂದು ಹಿಡಿಯುತ್ತದೆ. ಹಾಗಾಗಿ ನಿಮಗೆ ಜೀವಾಳ ಬೆಳಗಿನ ಜಾವದ ಲೈಟು. ಒಂದು ದಿನ 4ಕ್ಕೆ, ಮರುದಿನ 6ಕ್ಕೆ, ಮತ್ತೆ 4ಕ್ಕೆ ಬೆಳಗಾದರೆ ಗಡಿಯಾರವೇ ಅಲುಗುತ್ತದೆ. ಅಂಡಾಶಯದಿಂದ ಹಳದಿ ಅಂಡ ಬಿಡುಗಡೆಯಾಗುವ 4–6 ಗಂಟೆ ಮೊದಲು ಎಲ್‌ಎಚ್ ಒಮ್ಮೆಲೇ ಉಕ್ಕಬೇಕು. ಆ ಉಕ್ಕಿಗೆ ದಿನದಲ್ಲಿ 8–10 ಗಂಟೆಯ ಅವಕಾಶವಷ್ಟೇ, ಅದೂ ಬಹುತೇಕ ರಾತ್ರಿಯಲ್ಲಿ. ರಾತ್ರಿಯ ಜಾಗವೇ ದಿನದಿನ ಬದಲಾದರೆ ಉಕ್ಕು ತಪ್ಪುತ್ತದೆ. ಹಳದಿ ತುಂಬಿಕೊಳ್ಳುತ್ತಿರುವ ಅಂಡ ಹಣ್ಣಾಗಲು ವಾರದಿಂದ ಹತ್ತು ದಿನ ಬೇಕಾದ್ದರಿಂದ, ಈ ವಾರದ ಎಡವಟ್ಟಿನ ಪೂರ್ತಿ ಪರಿಣಾಮ ಮುಂದಿನ ವಾರದ ಲೆಕ್ಕದಲ್ಲಿ ಕಾಣುತ್ತದೆ. ಅಷ್ಟು ಹೊತ್ತಿಗೆ ಎಲ್ಲರೂ ಮೇವನ್ನು ಬೈಯುತ್ತಿರುತ್ತಾರೆ.

ಇಡೀ ರಾತ್ರಿ ಬೆಳಕು ಬೇಡವೇ ಬೇಡ. ಕತ್ತಲಾದಾಗ ಮೆದುಳಿನ ಪೀನಿಯಲ್ ಗ್ರಂಥಿ ಮತ್ತು ಕಣ್ಣಿನ ಅಕ್ಷಿಪಟಲ ರಾತ್ರಿಯ ಹಾರ್ಮೋನಾದ ಮೆಲಟೋನಿನ್ ಸ್ರವಿಸುತ್ತವೆ. ಕತ್ತಲೆಯೇ ಇಲ್ಲದಿದ್ದರೆ ಆ ಏರಿಳಿತ ಅಳಿಸಿಹೋಗಿ ನಿದ್ದೆ ಕೆಡುತ್ತದೆ, ಮೊಟ್ಟೆ ಇಡುವ ಹೊತ್ತು ದಿನವಿಡೀ ಚದುರುತ್ತದೆ, ಬೆಳೆಯುವ ಮರಿಗಳ ಕಣ್ಣುಗುಡ್ಡೆ ಊದುತ್ತದೆ. ಯೂರೋಪಿನ ಒಕ್ಕೂಟದ 1999ರ ಲೇಯರ್ ನಿಯಮ ದಿನದ ಮೂರನೇ ಒಂದರಷ್ಟು ತಡೆಯಿಲ್ಲದ ಕತ್ತಲೆ ಕೇಳುವುದು ಸುಮ್ಮನೆ ಅಲ್ಲ. ನಿಮ್ಮ 16:8 (16 ಗಂಟೆ ಬೆಳಕು, 8 ಗಂಟೆ ಕತ್ತಲೆ) ಅದಕ್ಕೆ ಸರಿಯಾಗಿ ಹೊಂದುತ್ತದೆ.

ಈಗ ಕಾರ್ಟಿಕೋಸ್ಟೆರೋನ್. ಹಕ್ಕಿಗಳ ಮುಖ್ಯ ಒತ್ತಡದ ಹಾರ್ಮೋನು ಇದು. ಹೆಸರೇ ದಾರಿ ತಪ್ಪಿಸುತ್ತದೆ, ಇದರ ದಿನನಿತ್ಯದ ಕೆಲಸ ಮೈಯ ಇಂಧನ ಹೊರತೆಗೆಯುವುದು. ಪ್ರತಿ ದಿನ ರಾತ್ರಿಯ ಕೊನೆಗೆ, ಬೆಳಗಾಗುವ ಮುಂಚೆ ತಾನಾಗಿ ಏರುತ್ತದೆ. ಕೋಳಿ ಮೊಟ್ಟೆ ಇಡುವ ಹೊತ್ತಿಗೂ ಏರುತ್ತದೆ. ಬಿಳಿ ಪಟ್ಟೆಯ ತಲೆಯಿರುವ ಅಮೆರಿಕದ ಗುಬ್ಬಿಯಂಥ ಕಾಡುಹಕ್ಕಿಗಳಲ್ಲಿ ಅದರ ಮಟ್ಟ ದೀರ್ಘ ದಿನಗಳ ಸಂತಾನಕಾಲದಲ್ಲಿ ಹೆಚ್ಚು, ಗರಿ ಉದುರಿಸುವ ಕಾಲದಲ್ಲಿ ಅತಿ ಕಡಿಮೆ. ಅಂದರೆ ದೀರ್ಘ ಹಗಲಿನ ಜತೆ ಅದು ಸ್ವಲ್ಪ ಏರುವುದು ಕಾಯಿಲೆಯಲ್ಲ, ದುಡಿಮೆಯ ಗುರುತು.

ಕೆಡಿಸುವುದು ಏರಿ ಇಳಿಯದೆ ಉಳಿದಾಗ. ಬಿಸಿಲ ಬೇಗೆ, ನೀರು ತಪ್ಪುವುದು, ನಾಯಿ ಕಾಟ, ಗಿಜಿಗಿಜಿ ಶೆಡ್ಡು ಇವೆಲ್ಲ ಆ ಕೆಲಸ ಮಾಡುತ್ತವೆ. ಆಗ ಜಿಎನ್‌ಆರ್‌ಎಚ್ ಮತ್ತು ಎಲ್‌ಎಚ್ ಕುಗ್ಗುತ್ತವೆ. ಇದಕ್ಕೆ ಇನ್ನೊಂದು ಕೈಯೂ ಇದೆ: 2000ರಲ್ಲಿ ಕ್ವೇಲ್ ಮೆದುಳಿನಲ್ಲಿ ಗುರುತಿಸಿದ ಜಿಎನ್‌ಐಎಚ್ ಎಂಬ ತಡೆ ಹಾರ್ಮೋನು. ಕ್ವೇಲ್‌ನಲ್ಲಿ ಮೆಲಟೋನಿನ್ ಅದನ್ನು ಹೆಚ್ಚಿಸುತ್ತದೆ. ಗುಬ್ಬಿಗಳನ್ನು ಹಿಡಿದು ಒತ್ತಡಕ್ಕೆ ಒಳಪಡಿಸಿದಾಗಲೂ ಸಂತಾನಕಾಲದಲ್ಲಿ ಅದು ಹೆಚ್ಚಿದ್ದು ಕಂಡಿದೆ. ಹಗಲಿನ ಉದ್ದ ಮತ್ತು ಒತ್ತಡ ಎರಡೂ ಬಂದು ಕೂಡುವ ಜಾಗಗಳಲ್ಲಿ ಅದೊಂದು.

ರಕ್ತ ಪರೀಕ್ಷೆ ನಿಮಗೆ ಉಪಯೋಗವಿಲ್ಲ. ಹಿಡಿದ 3 ನಿಮಿಷದೊಳಗೆ ರಕ್ತ ತೆಗೆಯದಿದ್ದರೆ ಅಳೆಯುವುದು ಹಿಡಿದದ್ದರ ಒತ್ತಡವನ್ನು, ಶೆಡ್ಡಿನದ್ದನ್ನಲ್ಲ. 800ರ ನಡುವೆ ಒಂದನ್ನು ಅಟ್ಟಿಸಿಕೊಂಡು ಹೋದರೆ ಪಕ್ಕದವಕ್ಕೂ ಏರಿರುತ್ತದೆ. ದುಡ್ಡಿಲ್ಲದ ಪರೀಕ್ಷೆ ಒಂದಿದೆ. ಕಂದು ಮೊಟ್ಟೆಯ ಮೇಲೆ ಸುಣ್ಣದ ಪುಡಿ ಉದುರಿಸಿದ ಹಾಗೆ ಬಿಳಿ ಮಬ್ಬು, ಒಂದು ಬದಿ ತಟ್ಟಿ ಚಪ್ಪಟೆಯಾದಂಥ ಆಕಾರ ಕಂಡರೆ, ಇಡಬೇಕಾದ ಮೊಟ್ಟೆಯನ್ನು ಬೆದರಿಕೆಯಿಂದ ಒಳಗೇ ತಡೆದುಕೊಂಡಿದೆ ಅಂತ. ಒಂದೆರಡಿದ್ದರೆ ಬಿಡಿ. ಒಂದೇ ದಿನ ಟ್ರೇಗೆ ನಾಲ್ಕೈದು ಬಂದರೆ ಹಿಂದಿನ ರಾತ್ರಿ ಶೆಡ್ಡಿನ ಸುತ್ತ ಏನಾಯಿತು ಅಂತ ಹುಡುಕಿ.

ಕೆಂಪು ಬೆಳಕಿನ ವಿಷಯ ಅರ್ಧ ನಿಜ. ಕೆಂಪು ಬೆಳಕು ನೀಲಿ, ಹಸಿರಿಗಿಂತ ಚೆನ್ನಾಗಿ ತಲೆಬುರುಡೆ ದಾಟುತ್ತದೆ. ಆದರೆ ವಾರ್ಮ್ ವೈಟ್‌ನಲ್ಲೇ ಸಾಕಷ್ಟು ಕೆಂಪಿದೆ. ಬರೀ ಕೆಂಪು ಬಲ್ಬು ಕುಕ್ಕಾಟ ತಗ್ಗಿಸಬಹುದು, ಏಕೆಂದರೆ ರಕ್ತ ಎದ್ದು ಕಾಣುವುದಿಲ್ಲ. ಕುಕ್ಕಾಟವಿಲ್ಲದ ಶೆಡ್ಡಿಗೆ ಬೇಕಿಲ್ಲ.

ಲಾವಕ್ಕಿ_ಮನೆ:

ಹಾರ್ಮೋನನ್ನು ಕಣ್ಣಲ್ಲೇ ನೋಡಬೇಕು ಅನ್ನುವವರು ನಾಲ್ಕು ಗಂಡು ಕ್ವೇಲ್ ಸಾಕಿ. ಗುದದ್ವಾರದ ಮೇಲ್ಗಡೆ ಕೆಂಪಗೆ ಉಬ್ಬಿದ ಗ್ರಂಥಿ ಇರುತ್ತದೆ, ಮೆಲ್ಲಗೆ ಒತ್ತಿದರೆ ಶೇವಿಂಗ್ ಕ್ರೀಮಿನಂಥ ಬಿಳಿ ನೊರೆ ಬರುತ್ತದೆ. ಅದು ಟೆಸ್ಟೋಸ್ಟೆರೋನ್ ಇದ್ದರೆ ಮಾತ್ರ ಉಬ್ಬುವುದು. 16 ಗಂಟೆ ಬೆಳಕಿನಿಂದ 8 ಗಂಟೆಗೆ ಇಳಿಸಿದರೆ ಕೆಲವೇ ವಾರದಲ್ಲಿ ಚಪ್ಪಟೆಯಾಗಿ ನೊರೆ ನಿಲ್ಲುತ್ತದೆ, ಕೂಗುವುದೂ ಕಡಿಮೆ. ಮತ್ತೆ ಏರಿಸಿದರೆ ಮತ್ತೆ ಉಬ್ಬು.

ಇನ್ನೊಂದು: ಕ್ವೇಲ್ ಮೊಟ್ಟೆ ಇಡುವುದು ಹೆಚ್ಚಾಗಿ ಮಧ್ಯಾಹ್ನದಿಂದ ಸಂಜೆಗೆ. ಕೋಳಿಯ ಅಭ್ಯಾಸದಲ್ಲಿ ಬೆಳಗ್ಗೆ ಹತ್ತಕ್ಕೆ ಬುಟ್ಟಿ ಹಿಡಿದು ಹೋಗಿ ‘ಮೊಟ್ಟೆಯೇ ಇಲ್ಲ’ ಎಂದು ಲೈಟು ಏರಿಸಬೇಡಿ.

ಗೀಜಗದ_ಗೂಡು:

ಕೋಳಿ ಸಾಕುವವನಲ್ಲ, ಹಕ್ಕಿ ನೋಡುವವನು. ‘ನಮ್ಮಲ್ಲಿ ಹಗಲು ವರ್ಷಕ್ಕೆ ಒಂದೂವರೆ ಗಂಟೆ ಮಾತ್ರ ಬದಲಾಗುತ್ತೆ, ಅದು ಹಕ್ಕಿಗೆ ಎಲ್ಲಿ ತಿಳಿಯುತ್ತೆ’ ಎನ್ನುವವರಿಗೆ: 9 ಡಿಗ್ರಿ ಉತ್ತರದ ಪನಾಮಾ ಕಾಡಿನ ಚುಕ್ಕೆ ಇರುವೆಹಕ್ಕಿಗೆ ಹಗಲು 17 ನಿಮಿಷ ಉದ್ದವಾದರೂ ಜನನಾಂಗ ಬೆಳೆಯುತ್ತದೆ ಅಂತ 1998ರಲ್ಲಿ ತೋರಿಸಿದ್ದಾರೆ. ಬೀದಿದೀಪದ ವಿಷಯವೂ ಹಾಗೇ. ಜರ್ಮನಿಯ ಬ್ಲ್ಯಾಕ್‌ಬರ್ಡ್‌ಗಳಿಗೆ ರಾತ್ರಿ ಬರೀ 0.3 ಲಕ್ಸ್ ಕೊಟ್ಟಾಗ ವೃಷಣ ಹೆಚ್ಚುಕಡಿಮೆ ಒಂದು ತಿಂಗಳು ಮುಂಚೆ ಬೆಳೆಯಿತು. ಶೆಡ್ಡಿನ ಹೊರಗೆ ಕಂಬದ ಲೈಟು ಇದ್ದರೆ ಒಮ್ಮೆ ರಾತ್ರಿ ಒಳಗೆ ಹೋಗಿ ನೋಡಿ, ಮೇವಿನ ತಟ್ಟೆ ಕಾಣುತ್ತಿದ್ದರೆ ಆ ಬದಿಗೆ ಪರದೆ ಬೇಕು.

ಹಕ್ಕಿವೈದ್ಯ:

ಎರಡು ಸೇರಿಸುತ್ತೇನೆ. ಸಂಜೆ 8ಕ್ಕೆ 16 ಬಲ್ಬೂ ಒಟ್ಟಿಗೆ ಆರಿಸಬೇಡಿ, ಅಟ್ಟಣಿಗೆ ಹತ್ತದ ಕೋಳಿ ಕತ್ತಲಲ್ಲಿ ಮೂಲೆಗೆ ನುಗ್ಗಿ ಒಂದರ ಮೇಲೊಂದು ಬಿದ್ದು ಉಸಿರುಗಟ್ಟುತ್ತವೆ. ಒಂದು ಸಾಲು 7:40ಕ್ಕೆ, ಇನ್ನೊಂದು 8ಕ್ಕೆ ಆರುವ ಹಾಗೆ ಎರಡು ಟೈಮರ್ ಹಾಕಿ.

ಬೇಸಿಗೆಯಲ್ಲಿ ಹಗಲು ಮೇವು ತಿನ್ನದೆ ಚಿಪ್ಪು ತೆಳುವಾದರೆ ರಾತ್ರಿ 11:30ರಿಂದ 12:30 ಒಂದು ಗಂಟೆ ಲೈಟು, ಮೇವು, ತಣ್ಣೀರು ಕೊಡಬಹುದು. ಅದರ ಹಿಂದೆ ಮೂರು, ಮುಂದೆ ಮೂರು ಗಂಟೆ ಕತ್ತಲೆ ಇರಲೇಬೇಕು. 8 ಮತ್ತು 4ರ ನಡುವೆ ಇದು ಹೊಂದುತ್ತದೆ. ಮಳೆ ಬಿದ್ದು ತಂಪಾದ ಮೇಲೆ ವಾರಕ್ಕೆ 15 ನಿಮಿಷದಂತೆ ಕಡಿಮೆ ಮಾಡಿ ತೆಗೆಯಿರಿ. ದಿನದ ಉದ್ದ ಇಳಿಸಬಾರದು ಎಂಬ ನಿಯಮ ಈ ನಡುರಾತ್ರಿಯ ಒಂದು ಗಂಟೆಗೆ ಅನ್ವಯಿಸುವುದಿಲ್ಲ, 4 ಮತ್ತು 8 ಮಾತ್ರ ಅಲುಗಬಾರದು.